ತುಮಕೂರಿನ ಒಂದೇ ಮನೆಗೆ ನಾಲ್ಕು ಬೆಲೆ: ಪಾಲು ಮಾಡುವಾಗ ಯಾವುದನ್ನ ಹಿಡಿಯೋದು?

ಕಲ್ಪತರು_ನಾಡು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ತುಮಕೂರಲ್ಲಿ ಅಪ್ಪ 1987ರಲ್ಲಿ ಕಟ್ಟಿಸಿದ ಮನೆ ಇದೆ, 40×60 ಸೈಟು, ಸೈಟು ಅವರೇ ದುಡಿದು ತಗೊಂಡಿದ್ದು, ಪಿತ್ರಾರ್ಜಿತ ಅಲ್ಲ. ಮುಂದೆ ರೋಡಿಗೆ ಎರಡು ಮಳಿಗೆ, ಹಿಂದೆ ಮನೆ. ಅಪ್ಪ ಹೋದ ವರ್ಷ ತೀರಿಕೊಂಡ್ರು, ವಿಲ್ ಬರೆದಿಲ್ಲ. ಅಮ್ಮ, ಅಕ್ಕ, ನಾನು, ತಮ್ಮ ಇಷ್ಟು ಜನ. ತಮ್ಮ ಅಮ್ಮನ ಜೊತೆ ಅಲ್ಲೇ ಇದಾನೆ, ಮನೆ ನಾನೇ ಇಟ್ಕೋತೀನಿ ನಿಮ್ಮ ಪಾಲಿನ ದುಡ್ಡು ಕೊಡ್ತೀನಿ ಅಂತಾನೆ, ಅದಕ್ಕೆ ನಮ್ಮದೇನೂ ತಕರಾರಿಲ್ಲ. ಜಗಳ ಇರೋದು ರೇಟಲ್ಲಿ.

ಗೈಡೆನ್ಸ್ ವ್ಯಾಲ್ಯೂ ಪ್ರಕಾರ ಲೆಕ್ಕ ಹಾಕಿದ್ರೆ 72 ಲಕ್ಷ. ಎರಡು ವರ್ಷದ ಹಿಂದೆ ಅಪ್ಪ ಇದರ ಮೇಲೆ ಸಾಲ ತಗೊಂಡಿದ್ರು (ತೀರಿದೆ), ಆಗ ಬ್ಯಾಂಕಿನ ವ್ಯಾಲ್ಯುಯರ್ ಕೊಟ್ಟ ರಿಪೋರ್ಟಲ್ಲಿ ಮಾರ್ಕೆಟ್ ವ್ಯಾಲ್ಯೂ 1.05 ಕೋಟಿ, ಡಿಸ್ಟ್ರೆಸ್ 84 ಲಕ್ಷ ಅಂತ ಎರಡು ಸಾಲು ಇದೆ. ತಮ್ಮ 84 ಹಿಡ್ಕೊಂಡಿದಾನೆ, ಬ್ಯಾಂಕೇ ಹೇಳಿದೆಯಲ್ಲ ಅಂತಾನೆ. ಅಕ್ಕ ಬ್ರೋಕರ್ ಕೇಳಿಸಿದ್ಲು, ಅವನು ಕಣ್ಮುಚ್ಚಿ 1.6 ಕೋಟಿ ಕೊಡ್ತೀನಿ ಅಂದ. ಒಂದೇ ಮನೆ, ಒಂದೇ ಗೋಡೆ. ಕಾಲು ಭಾಗ ಅಂದ್ರೂ 18 ಲಕ್ಷಕ್ಕೂ 40 ಲಕ್ಷಕ್ಕೂ ಎಷ್ಟು ವ್ಯತ್ಯಾಸ ನೋಡಿ. ಇದ್ರಲ್ಲಿ ಯಾವುದು ಸರಿ, ಯಾರು ಸುಳ್ಳು ಹೇಳ್ತಿದಾರೆ?

ಸಿವಿಲ್_ಮೇಷ್ಟ್ರು

ನಾನು ಲ್ಯಾಂಡ್ ಅಂಡ್ ಬಿಲ್ಡಿಂಗ್ ವಿಭಾಗದ ರಿಜಿಸ್ಟರ್ಡ್ ವ್ಯಾಲ್ಯುಯರ್, ಇದೇ ಕೆಲಸ. ನಿಮ್ಮ ನಾಲ್ಕು ನಂಬರಲ್ಲಿ ಯಾರೂ ಸುಳ್ಳು ಹೇಳಿಲ್ಲ, ನಾಲ್ಕೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ನೀವು ಕೇಳಬೇಕಾದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಅಷ್ಟೇ.

ಗೈಡೆನ್ಸ್ ವ್ಯಾಲ್ಯೂ ಅನ್ನೋದು ಸ್ಟಾಂಪ್ ಡ್ಯೂಟಿ ವಸೂಲಿಗೆ ಸರ್ಕಾರ ಹಾಕಿದ ಕನಿಷ್ಠ ಗೆರೆ. ಕರ್ನಾಟಕ ಸ್ಟಾಂಪ್ ಕಾಯ್ದೆ 45ಬಿ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ ಇದೆ, ಅದು ಬಡಾವಣೆ, ರಸ್ತೆ ಲೆಕ್ಕದಲ್ಲಿ ಸಗಟಾಗಿ ರೇಟ್ ಕೊಡುತ್ತೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಪರಿಷ್ಕರಣೆ ಆಯ್ತಲ್ಲ, ಅದೇ. ನಿಮ್ಮ ಮನೆ ಒಳಗೆ ಯಾರೂ ಬಂದು ನೋಡಿ ಹಾಕಿದ ರೇಟಲ್ಲ ಅದು. ಕೆಲವು ಕಡೆ ಮಾರ್ಕೆಟ್ಟಿಗಿಂತ ತೀರಾ ಕಮ್ಮಿ ಇರುತ್ತೆ, ಕೆಲವು ಒಳ ರಸ್ತೆಗಳಲ್ಲಿ ಮಾರ್ಕೆಟ್ಟಿಗಿಂತ ಜಾಸ್ತಿನೂ ಇರುತ್ತೆ.

84 ಲಕ್ಷ ಅನ್ನೋದು ಸಾಲ ಕಟ್ಟದೆ ಬ್ಯಾಂಕು ಹರಾಜು ಹಾಕಿದ್ರೆ, ಅವಸರದಲ್ಲಿ ಎಷ್ಟು ಬರಬಹುದು ಅನ್ನೋ ಅಂದಾಜು. ನಿಮ್ಮನೆಯಲ್ಲಿ ಯಾರೂ ಅವಸರದಲ್ಲಿ ಮಾರ್ತಾ ಇಲ್ಲ, ಹಾಗಾಗಿ ಆ ಸಾಲು ನಿಮ್ಮ ಪಾಲಿಗೆ ಸಂಬಂಧವೇ ಇಲ್ಲದ್ದು. ಮಾರ್ಕೆಟ್ ವ್ಯಾಲ್ಯೂ ಅಂತ ನಾವು ಬರೆಯುವಾಗ ಅದರ ಹಿಂದೆ ಇರೋ ಷರತ್ತು ಇಷ್ಟು: ಕೊಳ್ಳೋಕೆ ಮನಸ್ಸಿರೋನು, ಮಾರೋಕೆ ಮನಸ್ಸಿರೋನು, ಇಬ್ಬರಿಗೂ ನಂಟಿಲ್ಲ, ಇಬ್ಬರಿಗೂ ವಿಷಯ ಗೊತ್ತು, ಯಾರ ಮೇಲೂ ಒತ್ತಡ ಇಲ್ಲ, ಆಸ್ತಿ ಮಾರಾಟಕ್ಕಿದೆ ಅಂತ ಸಾಕಷ್ಟು ದಿನ ಊರಿಗೆ ಗೊತ್ತಾಗಿದೆ, ಅಂಥಾ ಸ್ಥಿತಿಯಲ್ಲಿ ಇಂಥಾ ತಾರೀಖಿಗೆ ಎಷ್ಟಕ್ಕೆ ಕೈ ಬದಲಾಗಬಹುದು. ಅಂತಾರಾಷ್ಟ್ರೀಯ ಮಾನದಂಡ ಐವಿಎಸ್ ಇರೋದೂ ಹೀಗೇ, ನಮ್ಮ ಸುಪ್ರೀಂ ಕೋರ್ಟು 1988ರ ಚಿಮನ್‌ಲಾಲ್ ಹರಗೋವಿಂದದಾಸ್ ತೀರ್ಪಲ್ಲಿ ಭೂಸ್ವಾಧೀನದ ಬೆಲೆಗೆ ಹೇಳಿದ್ದೂ ಹೆಚ್ಚುಕಮ್ಮಿ ಇದೇ.

ಇನ್ನು 1.6 ಕೋಟಿ. ಅವನು ನೋಡ್ತಿರೋದು ಮನೆಯನ್ನಲ್ಲ, ಮನೆ ಕೆಡವಿ ಕಟ್ಟಬಹುದಾದ ಕಮರ್ಷಿಯಲ್ ಬಿಲ್ಡಿಂಗನ್ನ. ಅದೂ ತಪ್ಪಲ್ಲ, ಜಾಗದಿಂದ ಅತಿ ಹೆಚ್ಚು ಪ್ರಯೋಜನ ಯಾವ ಬಳಕೆಯಲ್ಲಿ ಸಿಗುತ್ತೆ ಅಂತ ನಾವೂ ನೋಡಲೇಬೇಕು. ಆದ್ರೆ ಆ ಬಳಕೆಗೆ ಕಾನೂನು ಒಪ್ಪಬೇಕು, ಜಾಗ ಒಪ್ಪಬೇಕು, ಖರ್ಚು ಕಳೆದು ಲಾಭ ಉಳೀಬೇಕು. ಮಾಸ್ಟರ್ ಪ್ಲ್ಯಾನಲ್ಲಿ ನಿಮ್ಮ ರಸ್ತೆ ಏನಂತ ಇದೆ, ರಸ್ತೆ ಅಗಲ ಎಷ್ಟು, ಸೆಟ್‌ಬ್ಯಾಕ್ ಬಿಟ್ಟು ಎಷ್ಟು ಮಹಡಿ ಬರುತ್ತೆ ಇದನ್ನೆಲ್ಲ ನೋಡದೆ ಹೇಳಿದ ರೇಟು ಮಾತಿನ ರೇಟು. ಅವನು ಕಣ್ಮುಚ್ಚಿ ಕೊಡೋದಾದ್ರೆ ಅಡ್ವಾನ್ಸ್ ಚೆಕ್ ಬರೆದು ಅಗ್ರಿಮೆಂಟ್ ಮಾಡ್ಲಿ, ಆಗ ಅದು ಸಾಕ್ಷ್ಯ ಆಗುತ್ತೆ.

ಎರಡು ವಿಷಯ ಹೇಳಿ. ಮಳಿಗೆಯಲ್ಲಿ ಯಾರಿದಾರೆ, ಬಾಡಿಗೆ ಎಷ್ಟು? ಛಾವಣಿ ಆರ್‌ಸಿಸಿನಾ?

ಕಲ್ಪತರು_ನಾಡು

ಸರ್ ತುಂಬಾ ಥ್ಯಾಂಕ್ಸ್. ಎರಡು ಮಳಿಗೆಯೂ ಹಳೇ ಬಾಡಿಗೆದಾರರದ್ದೇ, ಒಂದು ದರ್ಜಿ ಅಂಗಡಿ ಒಂದು ಸ್ಟೇಷನರಿ, ಎರಡೂ ಸೇರಿ ತಿಂಗಳಿಗೆ 6,000, ಅಪ್ಪ ಜಾಸ್ತಿ ಕೇಳ್ತಾನೇ ಇರ್ಲಿಲ್ಲ. ಪಕ್ಕದ ಬಿಲ್ಡಿಂಗಲ್ಲಿ ಅಷ್ಟೇ ಜಾಗಕ್ಕೆ ಹೊಸಬರು 18,000 ಕೊಡ್ತಿದಾರೆ. ಛಾವಣಿ ಪೂರ್ತಿ ಆರ್‌ಸಿಸಿ, ಒಟ್ಟು 1,600 ಚದರಡಿ ಕಟ್ಟಡ, ನೆಲ ರೆಡ್ ಆಕ್ಸೈಡು, ಹಿಂದಿನ ಗೋಡೆಯಲ್ಲಿ ಒಂದು ಕಡೆ ತೇವ ಬರುತ್ತೆ.

ಧಾರವಾಡ_ಫೇಡೆ

ನಾ ಬ್ಯಾಂಕಿನ ಸಾಲದ ವಿಭಾಗದಾಗ ಭಾಳ ವರ್ಷ ಇದ್ದಾಂವ, ಈಗ ರಿಟೈರ್ ಆಗೇನಿ. ಮೇಷ್ಟ್ರು ಹೇಳಿದ್ದು ಖರೆ ಅದ. ಬ್ಯಾಂಕಿನ ರಿಪೋರ್ಟು ಬ್ಯಾಂಕಿನ ಸಲುವಾಗಿ ಬರ್ಸಿದ್ದು ಇರ್ತದ್ರಿ, ಅದರ ಕಡೀ ಪುಟದಾಗ ಸಣ್ಣ ಅಕ್ಷರದಾಗ ಇಂಥಾ ಕೆಲಸಕ್ಕ ಬಿಟ್ಟು ಬ್ಯಾರೆದಕ್ಕ ಉಪಯೋಗ ಮಾಡಬ್ಯಾಡ್ರಿ ಅಂತ ಬರದಿರ್ತಾರ, ತಮ್ಮಗ ಅದನ್ನ ತೋರಿಸ್ರಿ. ಎರಡು ವರ್ಷದ ಹಿಂದಿನ ತಾರೀಖು ಬ್ಯಾರೆ ಅದ.

ಬ್ಯಾಂಕು ಯಾಕ ಕೈ ಹಿಡದು ಬೆಲೆ ಕಟ್ಟತದ ಅಂದ್ರ, ರೊಕ್ಕ ತಿರುಗಿ ಬರಲಿಲ್ಲಂದ್ರ ಸರ್ಫೇಸಿ ಅನ್ನೂ ಸಾಲ ವಸೂಲಿ ಕಾಯ್ದೆದಾಗ ಹರಾಜಿಗೆ ಹೋಗಬೇಕಾಗ್ತದ, ಅವಾಗ ಮತ್ತ ಹೊಸಾ ವ್ಯಾಲ್ಯುಯೇಶನ್ ತಗೊಂಡು ರಿಸರ್ವ್ ಪ್ರೈಸ್ ಅಂದ್ರ ಹರಾಜಿನ ಕನಿಷ್ಠ ಬೆಲೆ ಇಡ್ತಾರ. ಗೃಹಸಾಲಕ್ಕ ರಿಸರ್ವ್ ಬ್ಯಾಂಕ್ ಮಿತಿ ಅದ ನೋಡ್ರಿ, 30 ಲಕ್ಷದ ತನಕ ಬೆಲೆದ 90 ಪರ್ಸೆಂಟ್, 75 ಲಕ್ಷದ ತನಕ 80, ಅದರ ಮ್ಯಾಲ 75. ಈ ಮಿತಿ ಇರೂದ್ರಿಂದನೇ ಉಲ್ಟಾ ಒತ್ತಡನೂ ಬರ್ತದ. ಗಿರಾಕಿಗೆ 60 ಲಕ್ಷ ಸಾಲ ಬೇಕಾಗಿರ್ತದ, ಮನಿ ಬೆಲೆ ಸಾಲೂದಿಲ್ಲ, ವ್ಯಾಲ್ಯುಯರಿಗೆ ಫೋನ್ ಮಾಡಿ ಸ್ವಲ್ಪ ಏರಿಸಿ ಕೊಡ್ರಿ ಅಂತಾರ. ಕೊಡೂದಿಲ್ಲ ಅಂದಾಂವಗ ಮುಂದಿನ ಕೆಲಸ ಹೋಗೂದಿಲ್ಲ. ಅಂಥಾ ಫೈಲುಗಳು ಕಡೀಕ ಹರಾಜಿಗೆ ಬಂದಾಗ ಕೇಳವರೇ ಇರ್ಲಾರದ್ದು ನಾ ಕಂಡೇನಿ. ಮನಿ ಕಳಕೊಂಡಾಂವ ಮ್ಯಾಲ ಇನ್ನೂ ಸಾಲ ತೀರಿಸಬೇಕು, ಇದಕ್ಕ ಯಾರು ಜವಾಬ್ದಾರಿ?

ಹಾಸನದ_ಮಗಳು

ಕಲ್ಪತರು ಅವರೇ, ನಿಮ್ಮ ಅಕ್ಕನ ಪರವಾಗಿ ಒಂದು ಮಾತು. ನಮ್ಮನೆಯಲ್ಲಿ ಗೈಡೆನ್ಸ್ ವ್ಯಾಲ್ಯೂ ಲೆಕ್ಕದಲ್ಲೇ ದುಡ್ಡು ಕೊಟ್ಟು ನನ್ನಿಂದ ಹಕ್ಕು ಖುಲಾಸೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡ್ರು, ಸರ್ಕಾರದ ರೇಟು ಕಣಮ್ಮ ಇದಕ್ಕಿಂತ ನ್ಯಾಯ ಇನ್ನೇನು ಅಂದ್ರು. ವರ್ಷ ತುಂಬೋ ಮೊದಲೇ ಅದೇ ಮನೆ ಅದರ ಎರಡರಷ್ಟಕ್ಕಿಂತ ಜಾಸ್ತಿಗೆ ಮಾರಾಟ ಆಯ್ತು. ದುಡ್ಡಿಗಿಂತ ಆ ಸರ್ಕಾರಿ ರೇಟು ಅನ್ನೋ ಮಾತು ಇವತ್ತಿಗೂ ಚುಚ್ಚುತ್ತೆ. ನಿಮ್ಮ ಅಕ್ಕ ಬ್ರೋಕರ್ ಕೇಳಿಸಿದ್ದು ದುರಾಸೆ ಅಂತ ಯಾರೂ ಅನ್ಕೋಬೇಡಿ, ಹೆಣ್ಮಕ್ಕಳಿಗೆ ಬೇರೆ ದಾರಿ ಯಾರೂ ತೋರಿಸಿರಲ್ಲ.

ಕಲ್ಪತರು_ನಾಡು

ಇಲ್ಲ ಮೇಡಂ ಅಕ್ಕನ ಮೇಲೆ ನಮಗ್ಯಾರಿಗೂ ಬೇಜಾರಿಲ್ಲ. ತಮ್ಮನಿಗೂ ಕೆಟ್ಟ ಬುದ್ಧಿ ಇಲ್ಲ, ಅವನ ಕೈಲಿ ಅಷ್ಟು ದುಡ್ಡಿಲ್ಲ ಅನ್ನೋದೇ ಅವನ ಭಯ.

ಸಿವಿಲ್_ಮೇಷ್ಟ್ರು

ಹಾಗಿದ್ರೆ ಈಗ ಲೆಕ್ಕ ಹೇಗೆ ಕೂರುತ್ತೆ ಅಂತ ತೋರಿಸ್ತೀನಿ, ಇದು ವಿಧಾನ ಗೊತ್ತಾಗ್ಲಿ ಅಂತ, ಜಾಗ ನೋಡದೆ ಯಾರಿಗೂ ರೇಟ್ ಹೇಳಲ್ಲ ನಾನು.

ನಿಮ್ಮ ರಸ್ತೆಯಲ್ಲಿ ಇತ್ತೀಚೆಗೆ ಮಾರಾಟವಾದ ಸೈಟುಗಳನ್ನ ನೋಡಿ, ಅಗಲ, ಮೂಲೆ, ದಿಕ್ಕು, ತಾರೀಖು ಇದಕ್ಕೆಲ್ಲ ಕೂಡಿ ಕಳೆದು ಚದರಡಿಗೆ 4,500 ಬಂತು ಅಂತಿಟ್ಕೊಳ್ಳಿ. 2,400 ಚದರಡಿಗೆ 1 ಕೋಟಿ 8 ಲಕ್ಷ. ಕಟ್ಟಡ ಇವತ್ತು ಹೊಸದಾಗಿ ಕಟ್ಟೋಕೆ ಅದೇ ದರ್ಜೆಗೆ ಚದರಡಿಗೆ 1,900 ಅಂದ್ರೆ 30 ಲಕ್ಷ 40 ಸಾವಿರ. ಆಯುಸ್ಸು 60 ವರ್ಷ, ಕಳೆದದ್ದು 38, ಕೊನೆಗೆ ಕಬ್ಬಿಣ ಬಾಗಿಲು ಕಿಟಕಿಗೆ 10 ಪರ್ಸೆಂಟ್ ಉಳಿಯುತ್ತೆ ಅಂತ ಬಿಟ್ರೆ ಸವಕಳಿ 57 ಪರ್ಸೆಂಟ್. ಉಳಿಯೋದು ಸುಮಾರು 13 ಲಕ್ಷ. ಎರಡೂ ಸೇರಿ 1 ಕೋಟಿ 21 ಲಕ್ಷ. ತೇವದ ಗೋಡೆ ರಿಪೇರಿ ಖರ್ಚು ಇದರಲ್ಲಿ ಬೇರೆ ಕಳೀಬೇಕು.

ಇದು ಪೂರ್ತಿ ಖಾಲಿ ಇರೋ ಮನೆಯ ಬೆಲೆ. ಆದ್ರೆ ಮಳಿಗೆಯಲ್ಲಿ ಜನ ಕೂತಿದಾರಲ್ಲ. ಕೊಳ್ಳೋನಿಗೆ ಸಿಗೋದು ಬಾಡಿಗೆದಾರರ ಸಮೇತ ಇರೋ ಮಾಲೀಕತ್ವ. 18,000 ಬರೋ ಕಡೆ 6,000 ಬರ್ತಿದೆ ಅಂದ್ರೆ ವರ್ಷಕ್ಕೆ 1 ಲಕ್ಷ 44 ಸಾವಿರ ಖೋತಾ, ಖಾಲಿ ಮಾಡಿಸೋಕೆ ಮೂರು ವರ್ಷ ಹಿಡಿದ್ರೆ ಹತ್ರ ಹತ್ರ ನಾಲ್ಕೂಕಾಲು ಲಕ್ಷ, ಮೇಲೆ ಕೋರ್ಟು ಖರ್ಚು. ಒಳ್ಳೆ ರಿಪೋರ್ಟಲ್ಲಿ ಇದು ಕಾಣಬೇಕು. ನಾವು ಬೆಲೆ ಕಟ್ಟೋದು ಇಟ್ಟಿಗೆ ಸಿಮೆಂಟಿಗಲ್ಲ, ಆ ಜಾಗದ ಮೇಲೆ ನಿಮಗಿರೋ ಹಕ್ಕಿಗೆ. ಕಬ್ಬು ಹಿಂಡಿದ ಹಾಗೆ, ಬಾಡಿಗೆದಾರನ ಹಕ್ಕು, ಬ್ಯಾಂಕಿನ ಅಡಮಾನ, ಪಕ್ಕದವನ ದಾರಿ ಹಕ್ಕು ಒಂದೊಂದೂ ಒಂದಷ್ಟು ರಸ ತೆಗೀತಾ ಹೋಗುತ್ತೆ, ಉಳಿದಿದ್ದಕ್ಕೆ ಮಾತ್ರ ದುಡ್ಡು ಬರೋದು.

ಇನ್ನೊಂದು, ಟೇಪ್ ಹಿಡಿದು ಅಳೆಸಿ. ಪತ್ರದಲ್ಲಿ 40×60 ಅಂತಿರುತ್ತೆ, ಚರಂಡಿ ಮಾಡುವಾಗ ಮುಂದೆ ಒಂದಡಿ ಹೋಗಿರುತ್ತೆ. ಹಳೇ ಬಡಾವಣೆಗಳಲ್ಲಿ ಇದು ಮಾಮೂಲು, 40 ಅಡಿ ಮುಖಕ್ಕೆ ಒಂದಡಿ ಅಂದ್ರೂ 40 ಚದರಡಿ, ಅದೇ ರೇಟಿಗೆ 1 ಲಕ್ಷ 80 ಸಾವಿರ. ಚೆಕ್ಕುಬಂದಿ ಪತ್ರದಲ್ಲಿರೋ ಹಾಗೇ ಸ್ಥಳದಲ್ಲಿ ಇದೆಯಾ ಅಂತ ನಾಲ್ಕೂ ಕಡೆ ನಿಂತು ನೋಡಬೇಕು.

ಕರಿಕೋಟು

ವಕೀಲೆ ನಾನು. ಪಾಲಿನ ಲೆಕ್ಕ ಸ್ಪಷ್ಟ ಇರ್ಲಿ. ಅಪ್ಪನ ಸ್ವಯಾರ್ಜಿತ, ವಿಲ್ ಇಲ್ಲ, ಅಂದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಮಗಳು, ಇಬ್ಬರು ಗಂಡುಮಕ್ಕಳಿಗೆ ಸಮ ಸಮ, ತಲಾ ಕಾಲು ಭಾಗ. ಅಜ್ಜಿ ಅಂದ್ರೆ ಅಪ್ಪನ ತಾಯಿ ಬದುಕಿದ್ರೆ ಅವರಿಗೂ ಒಂದು ಪಾಲು ಇದೆ, ಅದನ್ನ ಬಹಳ ಜನ ಮರೀತಾರೆ.

ಈಗ ಬೆಲೆಗೆ ಸಂಬಂಧಿಸಿದ್ದು. ವಿಭಾಗ ಆಗದ ಕಾಲು ಪಾಲನ್ನ ಹೊರಗಿನವನು ತಗೊಂಡ್ರೆ ಅವನಿಗೆ ಕುಟುಂಬದ ವಾಸದ ಮನೆಯೊಳಗೆ ಜಂಟಿಯಾಗಿ ಬಂದು ಕೂರೋ ಹಕ್ಕು ಇಲ್ಲ, ಆಸ್ತಿ ವರ್ಗಾವಣೆ ಕಾಯ್ದೆ 44ನೇ ಕಲಂ. ಅವನು ದಾವಾ ಹಾಕ್ಬೇಕು. ಹಾಗಾಗಿ ಅಂಥಾ ಪಾಲು ಮಾರುಕಟ್ಟೆಯಲ್ಲಿ ಒಟ್ಟು ಬೆಲೆಯ ಕಾಲು ಭಾಗಕ್ಕೆ ಹೋಗಲ್ಲ, ತುಂಬಾ ಕಮ್ಮಿಗೆ ಹೋಗುತ್ತೆ. ಈ ಕಡಿತವನ್ನ ಮನೆಯೊಳಗಿನ ಪಾಲಿಗೂ ಹಾಕೋಕೆ ನೋಡೋರು ಇದಾರೆ, ನಿನ್ನ ಕಾಲು ಪಾಲನ್ನ ಹೊರಗೆ ಯಾರು ತಗೋತಾರೆ ಅಂತ ಕೇಳಿ ಹೆದರಿಸ್ತಾರೆ. ಒಪ್ಪಬೇಡಿ. ತಮ್ಮನಿಗೆ ಇಡೀ ಮನೆ ಒಟ್ಟಿಗೆ ಉಳಿಯುತ್ತೆ, ಅವನು ತಗೋತಿರೋದು ಬಿಡಿ ಪಾಲಲ್ಲ. ನಿಮ್ಮ ವ್ಯಾಲ್ಯುಯರಿಗೆ ಕೊಡೋ ಪತ್ರದಲ್ಲೇ ಬರೀರಿ: ಇಡೀ ಆಸ್ತಿಯ ಮಾರುಕಟ್ಟೆ ಬೆಲೆ ಬೇಕು, ಅದನ್ನ ನಾಲ್ಕು ಸಮಪಾಲು ಮಾಡ್ತೀವಿ ಅಂತ.

ಮಾತಲ್ಲಿ ಬಗೆಹರೀಲಿಲ್ಲ ಅಂದ್ರೆ 1893ರ ಪಾರ್ಟಿಶನ್ ಕಾಯ್ದೆ ಇದೆ, ಮನೆ ಭಾಗ ಮಾಡೋಕೆ ಆಗಲ್ಲ ಅಂದಾಗ ಮಾರಾಟಕ್ಕೆ ಕೇಳಬಹುದು, ಆಗ ಉಳಿದ ಪಾಲುದಾರ ಕೋರ್ಟು ಗೊತ್ತುಮಾಡಿದ ಬೆಲೆಗೆ ತಾನೇ ಕೊಂಡುಕೊಳ್ಳಬಹುದು. ಅಂದ್ರೆ ಕೋರ್ಟಿಗೆ ಹೋದ್ರೂ ಕೊನೆಗೆ ಬರೋದು ಇದೇ ಕೆಲಸಕ್ಕೆ, ವರ್ಷಗಟ್ಟಲೆ ತಡವಾಗಿ.

ಉಡುಪಿ_ಮಸ್ಕತ್

ನನ್ನದೂ ಒಂದು ಡೌಟ್ ಉಂಟು. ನಮ್ಮ ಅಪ್ಪ 1992ರಲ್ಲಿ ತೆಗೆದ ಜಾಗ ಈಗ ಮಾರ್ಲಿಕ್ಕೆ ಹೊರಟದ್ದು. ಟ್ಯಾಕ್ಸಿಗೆ 2001ರ ಬೆಲೆ ಬೇಕು ಅಂತ ಆಡಿಟರ್ ಹೇಳ್ತಾರೆ. ಅಷ್ಟು ಹಿಂದಿನ ಬೆಲೆ ಈಗ ಹೇಗೆ ಕಟ್ಟುದು ಮಾರಾಯ್ರೆ?

ಸಿವಿಲ್_ಮೇಷ್ಟ್ರು

ಕಟ್ಟಬಹುದು. ವ್ಯಾಲ್ಯುಯೇಶನ್ ಯಾವಾಗಲೂ ಒಂದು ತಾರೀಖಿಗೆ ಅಂಟಿಕೊಂಡಿರುತ್ತೆ, ಆ ತಾರೀಖು ಹಿಂದಿನದ್ದೂ ಆಗಬಹುದು. ನಿಮ್ಮದಕ್ಕೆ 2001ರ ಏಪ್ರಿಲ್ 1. ಆ ಆಸುಪಾಸಲ್ಲಿ ರಿಜಿಸ್ಟರ್ ಆದ ಕ್ರಯಪತ್ರಗಳ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿಂದ ತೆಗೆಸಿ ನೋಡ್ತೀವಿ. ಆಮೇಲೆ ಬಂದ ಫ್ಲೈಓವರು, ಕಾಲೇಜು ಇದ್ಯಾವುದನ್ನೂ ಆ ತಾರೀಖಿನ ಬೆಲೆಯಲ್ಲಿ ಸೇರಿಸೋ ಹಾಗಿಲ್ಲ. 2020ರ ಹಣಕಾಸು ಕಾಯ್ದೆ ನಂತರ ಒಂದು ಮಿತಿ ಬಂದಿದೆ, ಜಮೀನು ಕಟ್ಟಡಕ್ಕೆ ಆ 2001ರ ಬೆಲೆ ಆವತ್ತಿನ ಸ್ಟಾಂಪ್ ಡ್ಯೂಟಿ ಬೆಲೆ ಸಿಗೋದಾದ್ರೆ ಅದನ್ನ ಮೀರೋ ಹಾಗಿಲ್ಲ. ಮಾರುವಾಗ ಗೈಡೆನ್ಸ್ ವ್ಯಾಲ್ಯೂಗಿಂತ ಕಮ್ಮಿಗೆ ಮಾರಿದ್ರೆ, 10 ಪರ್ಸೆಂಟ್ ವ್ಯತ್ಯಾಸದವರೆಗೆ ಬಿಡ್ತಾರೆ, ಅದಕ್ಕೂ ಮೀರಿದ್ರೆ ಗೈಡೆನ್ಸ್ ವ್ಯಾಲ್ಯೂನೇ ಮಾರಿದ ಬೆಲೆ ಅಂತ ಹಿಡೀತಾರೆ. ನಿಜವಾಗ್ಲೂ ಕಮ್ಮಿಗೇ ಹೋಗಿದೆ ಅಂದ್ರೆ ಇಲಾಖೆಯ ವ್ಯಾಲ್ಯುಯೇಶನ್ ಆಫೀಸರಿಗೆ ಕಳಿಸಿ ಅಂತ ಕೇಳೋ ಹಕ್ಕು ನಿಮಗಿದೆ. ಉಳಿದದ್ದು ಆಡಿಟರ್ ಹತ್ರ.

ಎರೆಹೊಲ

ಕ್ರಯಪತ್ರದ ಮಾತು ಬಂತಲ್ಲ ಅದಕ್ಕೆ ಹೇಳ್ತೀನಿ. ನಮ್ಮೂರ ಕಡೆ ಹೈವೇಗೆ ಜಮೀನು ಹೋಯ್ತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಬೆಲೆ ಹೆಂಗೆ ಕಟ್ತಾರೆ ಅಂದ್ರೆ ಸ್ಟಾಂಪ್ ರೇಟು ಒಂದು, ಹಿಂದಿನ ಮೂರು ವರ್ಷದಲ್ಲಿ ಅಕ್ಕಪಕ್ಕ ಆದ ಕ್ರಯಪತ್ರಗಳಲ್ಲಿ ಜಾಸ್ತಿ ಬೆಲೆಯ ಅರ್ಧದಷ್ಟು ಪತ್ರ ತಗೊಂಡು ಅದರ ಸರಾಸರಿ ಇನ್ನೊಂದು, ಯಾವುದು ಹೆಚ್ಚೋ ಅದು. ಹಳ್ಳಿ ಕಡೆ ಆದ್ರೆ ಅದಕ್ಕೆ ಒಂದರಿಂದ ಎರಡರವರೆಗೆ ಗುಣಿಸ್ತಾರೆ, ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದ್ರೆ ಒತ್ತಾಯದಿಂದ ಜಮೀನು ತಗೊಂಡಿದ್ದಕ್ಕೆ ಹೆಚ್ಚುವರಿ ಪರಿಹಾರ. ಕೇಳೋಕೆ ಚೆನ್ನಾಗಿದೆ. ಆದ್ರೆ ನಮ್ಮೂರಲ್ಲಿ ಎಲ್ಲರೂ ಎಕರೆಗೆ 40 ಲಕ್ಷಕ್ಕೆ ಮಾರಿ ಪತ್ರದಲ್ಲಿ 12 ಲಕ್ಷ ಬರೆಸಿದ್ರು, ಉಳಿದದ್ದು ಕೈಯಲ್ಲಿ. ಸ್ವಾಧೀನಕ್ಕೆ ಬಂದಾಗ ಅಧಿಕಾರಿ ಪತ್ರ ತೋರಿಸಿ ಇಲ್ಲಿ 12 ಇದೆಯಲ್ರಿ ಅಂದ್ರು. ಏನು ಹೇಳೋದು? ಒಂದು ತುಂಡೂ ಮಾರದೇ ಉಳುಮೆ ಮಾಡ್ಕೊಂಡಿದ್ದೋರು, ನಾವೂ ಸೇರಿ, ಬೇರೆಯವರು ಬರೆಸಿದ ಸುಳ್ಳು ಬೆಲೆಗೆ ಜಮೀನು ಕಳ್ಕೊಂಡ್ವಿ. ಬ್ಲ್ಯಾಕು ವೈಟು ಅಂತ ಆರಾಮಾಗಿ ಮಾತಾಡೋರು ಇದನ್ನ ಯೋಚನೆ ಮಾಡ್ಬೇಕು.

ಸಿವಿಲ್_ಮೇಷ್ಟ್ರು

ಎರೆಹೊಲ ಅವರು ಹೇಳಿದ್ದು ನಮ್ಮ ವೃತ್ತಿಯ ದೊಡ್ಡ ಗಾಯ. ಹೋಲಿಕೆ ಮಾಡೋಕೆ ನಮ್ಮ ಕೈಲಿರೋ ಕಾಗದವೇ ಸುಳ್ಳು. ಹಾಗಂತ ಬ್ರೋಕರ್ ಬಾಯಿಮಾತನ್ನ ಹಾಗೇ ಬರೆಯೋಕೂ ಆಗಲ್ಲ. ಬಾಡಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕ್ತೀವಿ, ಬ್ಯಾಂಕ್ ಹರಾಜಿನ ಬೆಲೆ ನೋಡ್ತೀವಿ, ಪ್ರಾಧಿಕಾರಗಳ ಸೈಟು ಹರಾಜಿನ ಬೆಲೆ ನೋಡ್ತೀವಿ ಯಾಕಂದ್ರೆ ಅಲ್ಲಿ ಪೂರ್ತಿ ಮೊತ್ತ ಬಹಿರಂಗವಾಗೇ ಇರುತ್ತೆ. ಯಾವ ಮೂಲದಿಂದ ಏನು ತಗೊಂಡೆ, ಯಾವುದನ್ನ ಯಾಕೆ ಬಿಟ್ಟೆ ಅಂತ ರಿಪೋರ್ಟಲ್ಲಿ ಬರೆದಿರಬೇಕು, ಬರೀ ಕೊನೆ ಸಾಲಿನ ಮೊತ್ತ ಇದ್ರೆ ಅದು ರಿಪೋರ್ಟೇ ಅಲ್ಲ.

ಯಲಹಂಕ_ಬಾಡಿಗೆ

ನಡುವೆ ಕೇಳ್ತಿದೀನಿ ಸಾರಿ. ಬೆಂಗಳೂರಲ್ಲಿ ಒಂದು ಬಿ ಖಾತೆ (ನಿಯಮದ ಪ್ರಕಾರ ಪೂರ್ತಿ ಅನುಮೋದನೆ ಇಲ್ಲದ) ಸೈಟು ನೋಡಿದ್ವಿ, ಎ ಖಾತೆಗಿಂತ ತುಂಬಾ ಕಮ್ಮಿ ಹೇಳ್ತಿದಾರೆ. ಜಾಗ ಒಂದೇ ಅಲ್ವಾ, ಚೀಪಾಗಿ ಸಿಕ್ಕಿದ್ರೆ ಲಾಭ ಅಲ್ವಾ?

ಕರಿಕೋಟು

ಕಮ್ಮಿ ಇರೋದಕ್ಕೆ ಕಾರಣ ಇದೆ. ಪ್ಲ್ಯಾನ್ ಸ್ಯಾಂಕ್ಷನ್ನು, ಬ್ಯಾಂಕ್ ಸಾಲ ಎರಡಕ್ಕೂ ತೊಡಕು ಇರೋ ಜಾಗಕ್ಕೆ ಕೊಳ್ಳೋರು ಕಮ್ಮಿ. ಖಾತೆ ಅನ್ನೋದು ತೆರಿಗೆ ದಾಖಲೆ, ಮಾಲೀಕತ್ವ ಅಲ್ಲ, ಅದಕ್ಕೆ ಮೊದಲು ಮದರ್ ಡೀಡ್ ಅಂದ್ರೆ ಮೂಲ ಪತ್ರದಿಂದ ಮಾಲೀಕತ್ವದ ಸರಪಳಿ ನೋಡಿಸಿ. ಮಧ್ಯ ಎಲ್ಲಾದ್ರೂ ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮಾರಾಟ ಆಗಿದ್ರೆ, 2011ರ ಸೂರಜ್ ಲ್ಯಾಂಪ್ ತೀರ್ಪಲ್ಲಿ ಸುಪ್ರೀಂ ಕೋರ್ಟು ಅದರಿಂದ ಮಾಲೀಕತ್ವ ಬರಲ್ಲ ಅಂತ ಹೇಳಿ ಆಗಿದೆ. ಮೂಲದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತ ಅಲ್ಲ, 2023ರ ತಿದ್ದುಪಡಿಯಲ್ಲಿ ಅದನ್ನ ಪ್ರಶ್ನಿಸೋಕೆ ಕಾಲಮಿತಿ ಇಲ್ಲ ಅಂತಾನೂ ಸೇರಿಸಿದಾರೆ.

ಕಲ್ಪತರು_ನಾಡು

ಸರ್ ಹಾಗಾದ್ರೆ ಒಳ್ಳೆ ವ್ಯಾಲ್ಯುಯರ್ ಅಂತ ಗುರುತಿಸೋದು ಹೇಗೆ? ತಮ್ಮ ಒಬ್ಬರನ್ನ ಮಾತಾಡಿಸಿದಾನೆ, ಅವರು ಫೋನಲ್ಲೇ ಎಷ್ಟಕ್ಕೆ ಬೇಕು ಹೇಳಿ ಮಾಡಿಕೊಡ್ತೀನಿ ಅಂದ್ರಂತೆ.

ಸಿವಿಲ್_ಮೇಷ್ಟ್ರು

ಅವರನ್ನ ಅಲ್ಲಿಗೇ ಬಿಡಿ. ಎಷ್ಟಕ್ಕೆ ಬೇಕು ಅಂತ ಕೇಳಿದವನ ರಿಪೋರ್ಟು ನಿಮ್ಮಲ್ಲಿ ಯಾರಿಗೂ ಕೆಲಸಕ್ಕೆ ಬರಲ್ಲ, ನಾಳೆ ಅಕ್ಕ ಒಪ್ಪಲ್ಲ, ಕೋರ್ಟಲ್ಲಿ ನಿಲ್ಲಲ್ಲ.

ಕಂಪನಿ ಕಾಯ್ದೆ 2013ರ 247ನೇ ಕಲಂ ಮತ್ತು 2017ರ ನಿಯಮಗಳ ಕೆಳಗೆ ಐಬಿಬಿಐ ಅನ್ನೋ ಕೇಂದ್ರದ ನಿಯಂತ್ರಣ ಸಂಸ್ಥೆ ವ್ಯಾಲ್ಯುಯರುಗಳಿಗೆ ನೋಂದಣಿ ಕೊಡುತ್ತೆ. ಲ್ಯಾಂಡ್ ಅಂಡ್ ಬಿಲ್ಡಿಂಗಿಗೆ ಸಿವಿಲ್, ಆರ್ಕಿಟೆಕ್ಚರ್ ಇಂಥಾ ಪದವಿ, ಅನುಭವ, ನೋಂದಾಯಿತ ಸಂಸ್ಥೆಯಲ್ಲಿ ತರಬೇತಿ, ಆಮೇಲೆ ಪರೀಕ್ಷೆಯಲ್ಲಿ ಕನಿಷ್ಠ 60 ಪರ್ಸೆಂಟ್ ಬೇಕು. ಹೆಸರುಗಳ ಪಟ್ಟಿ ಐಬಿಬಿಐ ವೆಬ್‌ಸೈಟಲ್ಲೇ ಸಿಗುತ್ತೆ. ಸಂಪತ್ತು ತೆರಿಗೆ 2015ರಲ್ಲೇ ಹೋದ್ರೂ ಅದರ 34ಎಬಿ ಕಲಂ ಕೆಳಗೆ ನೋಂದಾಯಿಸಿದವರೂ ಇದಾರೆ, ಅವರಲ್ಲಿ ಹಿರಿಯರು, ಒಳ್ಳೆಯವರು ಬೇಕಾದಷ್ಟು ಜನ. ಮನೆ ಪಾಲಿಗೆ ಇಂಥವರೇ ಬೇಕು ಅಂತ ಕಾನೂನಿಲ್ಲ, ನಾಲ್ಕೂ ಜನ ಒಪ್ಪಿದವರಾದ್ರೆ ಸಾಕು.

ಆ 2017ರ ನಿಯಮಗಳ ನಡವಳಿಕೆ ಸಂಹಿತೆಯಲ್ಲಿ ಗ್ರಾಹಕನಿಗೆ ಬೇಕಾದ ಹಾಗೆ ಅನುಕೂಲದ ಬೆಲೆ ಕಟ್ಟಿಕೊಡಬಾರದು ಅಂತ ನೇರವಾಗೇ ಬರೆದಿದೆ. ಕೆಲಸ ಗೆದ್ದರೆ ಇಷ್ಟು ಅನ್ನೋ ಸಕ್ಸಸ್ ಫೀ ತಗೋಬಾರದು. ಆಸ್ತಿಯಲ್ಲೋ ಯಾರದಾದ್ರೂ ಪಾಲಲ್ಲೋ ತನಗೆ ಹಿತಾಸಕ್ತಿ ಇದ್ರೆ ಹೇಳಬೇಕು. ಲೆಕ್ಕ ಹಾಕಿದ ಕಾಗದಗಳನ್ನ ಮೂರು ವರ್ಷವಾದ್ರೂ ಇಟ್ಕೊಂಡಿರಬೇಕು. ಯಾರನ್ನೇ ಕರೆದ್ರೂ ಫೀಸು ಮೊದಲೇ ಮಾತಾಡಿ, ಬಂದ ಬೆಲೆಯ ಮೇಲೆ ಪರ್ಸೆಂಟೇಜ್ ಬೇಡ, ಗೊತ್ತುಪಡಿಸಿದ ಮೊತ್ತ, ಅದನ್ನ ನಾಲ್ಕೂ ಜನ ಸಮವಾಗಿ ಹಾಕಿ. ನೇಮಕದ ಪತ್ರಕ್ಕೂ ನಾಲ್ಕೂ ಜನ ಸೈನ್ ಮಾಡಿ.

ಧಾರವಾಡ_ಫೇಡೆ

ತಮ್ಮಗ ಒಂದ ಮಾತ ಹೇಳ್ರಿ, ಬೆಲೆ ಹೆಚ್ಚು ಬಂದ್ರ ಹೆದರೂ ಕಾರಣ ಇಲ್ಲ. ಬೆಲೆ ಒಂದು, ರೊಕ್ಕ ಕೊಡೂ ಕಂತು ಒಂದು, ಎರಡನ್ನೂ ಕೂಡ್ಸಬ್ಯಾಡ್ರಿ. ಖರೇ ಬೆಲೆ ಮೊದಲ ಗಟ್ಟಿ ಮಾಡ್ಕೊಳ್ರಿ, ಆಮ್ಯಾಲ ಅಕ್ಕಗ ಇಷ್ಟು ಈಗ, ಇಷ್ಟು ಎರಡು ವರ್ಷದಾಗ ಅಂತ ಕಂತು ಮಾಡ್ರಿ. ಅಕ್ಕ ಮನಸಾರೆ ಬಿಟ್ಟುಕೊಡ್ತೀನಿ ಅಂದ್ರ ಗೊತ್ತಿದ್ದ ಬಿಡ್ಲಿ, ಗೊತ್ತಿರ್ಲಾರದ ಬ್ಯಾಡ.

ಹಾಸನದ_ಮಗಳು

ಈ ಕೊನೆ ಸಾಲು ನಮ್ಮನೆಯಲ್ಲಿ ಆಗ ಒಬ್ಬರಾದ್ರೂ ಹೇಳ್ಬೇಕಿತ್ತು.

ಕಲ್ಪತರು_ನಾಡು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಈ ಮಾತುಕತೆನ ಅಮ್ಮನಿಗೆ ಓದಿ ಹೇಳಿದೆ, ತಮ್ಮನೂ ಕೂತು ಕೇಳಿದ. 84ರ ಮಾತು ಬಿಟ್ಟಿದಾನೆ, ಅಕ್ಕನೂ ಬ್ರೋಕರ್ ರೇಟೇ ಆಗಬೇಕು ಅಂತಿಲ್ಲ ಅಂದ್ಲು. ಪಟ್ಟಿಯಿಂದ ನಮಗ್ಯಾರಿಗೂ ಪರಿಚಯ ಇಲ್ಲದ ಒಬ್ಬರನ್ನ ಆರಿಸ್ತೀವಿ. ಹೋಗುವಾಗ ಏನೇನು ಕಾಗದ ಇಟ್ಕೊಂಡಿರಬೇಕು ಸರ್?

ಸಿವಿಲ್_ಮೇಷ್ಟ್ರು

ಅಪ್ಪನ ಕ್ರಯಪತ್ರ, ಅದರ ಹಿಂದಿನ ಪತ್ರಗಳು, ಇವತ್ತಿನವರೆಗಿನ ಇಸಿ (ಋಣಭಾರ ಪತ್ರ), ಖಾತೆ ಮತ್ತು ಈ ವರ್ಷದ ತೆರಿಗೆ ರಸೀದಿ, ಕಟ್ಟಿದಾಗಿನ ಪ್ಲ್ಯಾನ್ ಸಿಕ್ಕಿದ್ರೆ ಅದು, ಸಾಲ ತೀರಿದ್ದಕ್ಕೆ ಬ್ಯಾಂಕ್ ಕೊಟ್ಟ ಪತ್ರ, ಅಡಮಾನ ಬಿಡುಗಡೆ ಇಸಿಯಲ್ಲಿ ಬಂದಿದೆಯಾ ನೋಡ್ಕೊಳ್ಳಿ. ಮಳಿಗೆಗಳ ಬಾಡಿಗೆ ಕರಾರು ಇಲ್ಲ ಅಂದ್ರೆ ಬಾಡಿಗೆ ಬಂದ ಪಾಸ್‌ಬುಕ್ ಪುಟಗಳಾದ್ರೂ ಇರ್ಲಿ. ಬೆಲೆ ಯಾವ ತಾರೀಖಿಗೆ ಬೇಕು ಅನ್ನೋದನ್ನ ನಾಲ್ಕೂ ಜನ ಮೊದಲೇ ಒಪ್ಪಿ ಪತ್ರದಲ್ಲಿ ಬರೀರಿ. ಅವರು ಜಾಗ ನೋಡೋಕೆ ಬಂದಾಗ ನಾಲ್ಕೂ ಜನ ಅಲ್ಲೇ ಇರಿ, ದರ್ಜಿಯವರಿಗೂ ಮುಂಚೆನೇ ಹೇಳಿಡಿ, ಅಂಗಡಿ ಒಳಗೆ ಅಳತೆ ತಗೋಬೇಕಾಗುತ್ತೆ.